ಹನ್ನೆರಡು, ನಲವತ್ತೊಂದು ಮತ್ತು ಹೊಸ ಕರ್ನಲ್

"ಅಲ್ಲಿ ಏನು ಬರೆದಿದೆಯೋ ಅದನ್ನ ಹಾಗೇ ಓದು. ನಿನ್ನ ಕಡೆಯಿಂದ ಏನೂ ಸೇರಿಸಬೇಡ, ಏನೂ ಬಿಡಬೇಡ," ಎಂದರು ಅಜ್ಜ.

"ನೆಟ್ ಇಲ್ಲ ಅಂತಿದೆ," ಎಂದಳು ಬುಗುರಿ.

"ಹಾಗೇ ಬರೆದಿದೆಯಾ? ಇಲ್ಲ ಅದು ನಿನ್ನ ಮಾತಾ?"

"ನನ್ನ ಮಾತು."

"ನಿನ್ನ ಮಾತು ಆಮೇಲೆ ಕೇಳ್ತೀನಿ. ಮೊದಲು ಅದರ ಮಾತು ಓದು."

ಗೋಡೆಯ ಗಡಿಯಾರದಲ್ಲಿ ಒಂಬತ್ತು ಗಂಟೆ ಇಪ್ಪತ್ತು ನಿಮಿಷವಾಗಿತ್ತು.

ಅಜ್ಜನ ಎಡಗಣ್ಣಿಗೆ ಆಪರೇಷನ್ ಆಗಿ ನಾಲ್ಕು ದಿನಗಳಾಗಿದ್ದವು. ಕಣ್ಣಿನ ಮೇಲೆ ತೂತುತೂತಾದ ಪ್ಲಾಸ್ಟಿಕ್ ಮುಚ್ಚಳ, ಅದರ ಸುತ್ತ ಬಿಳಿಯ ಪಟ್ಟಿ. ಬಲಗಣ್ಣಿನಲ್ಲಿ ಮೊದಲಿನಿಂದಲೂ ಮಂಜು. ಹತ್ತು ದಿನ ಬಗ್ಗಬಾರದು, ಪರದೆಯ ಮುಂದೆ ಕೂರಬಾರದು ಎಂದು ಡಾಕ್ಟರು ಹೇಳಿದ್ದರು. "ಮುಂದೆ ಕೂರಬಾರದು ಅಂದ್ರು. ಪಕ್ಕ ಕೂರಬಾರದು ಅನ್ನಲಿಲ್ಲವಲ್ಲ," ಎಂದು ಅಜ್ಜ ಬೆತ್ತದ ಕುರ್ಚಿಯನ್ನು ಕಂಪ್ಯೂಟರಿನ ಪಕ್ಕಕ್ಕೆ ಹಾಕಿಸಿಕೊಂಡು, ಮುಖವನ್ನು ಕಿಟಕಿಯತ್ತ ತಿರುಗಿಸಿ ಕುಳಿತಿದ್ದರು. ನೋಡುವ ಕೆಲಸವೆಲ್ಲ ಈಗ ಬುಗುರಿಯದು.

ಅವಳಿಗೆ ಬುಗುರಿ ಎಂದು ಹೆಸರಿಟ್ಟವರೂ ಅಜ್ಜನೇ. ಒಂದೆಡೆ ನಿಂತರೆ ಎಲ್ಲಿ ಬಿದ್ದುಹೋಗುತ್ತೇನೋ ಎನ್ನುವಂತೆ ಅವಳು ಸದಾ ಸುತ್ತುತ್ತಲೇ ಇರುತ್ತಿದ್ದಳು. ಶಾಲೆಯಲ್ಲಿ ಟೀಚರು ಹಾಜರಿ ಕೂಗಿ ಮುಗಿಸುವಷ್ಟರಲ್ಲಿ ಅವಳು ಮೂರು ಬೆಂಚು ಬದಲಾಯಿಸಿರುತ್ತಿದ್ದಳು. ಆದರೆ ಈ ನಾಲ್ಕು ದಿನ ಅವಳು ಕಂಪ್ಯೂಟರಿನ ಮುಂದೆ ಅಂಟು ಹಾಕಿದಂತೆ ಕುಳಿತಿದ್ದಳು. ಅಜ್ಜ ಹೇಳಿದ್ದನ್ನು ಟೈಪ್ ಮಾಡುವುದು, ಪರದೆಯಲ್ಲಿ ಬಂದದ್ದನ್ನು ಓದಿ ಹೇಳುವುದು. ಅದು ಅವಳಿಗೆ ಆಟಕ್ಕಿಂತ ರುಚಿಯಾಗಿತ್ತು.

ಬ್ರಾಡ್‌ಬ್ಯಾಂಡ್ ಎನ್ನುವುದು ಟೆಲಿಫೋನಿನ ತಂತಿಯೊಳಗೇ ನುಸುಳಿಕೊಂಡು ಮನೆಗೆ ಬರುತ್ತಿದ್ದ ಕಾಲ ಅದು. ಮೇಜಿನ ಮೇಲೆ ಆಮೆಯ ಆಕಾರದ ಬೂದುಬಣ್ಣದ ಮೋಡೆಮ್ ಒಂದಿತ್ತು. ಅದರ ಬೆನ್ನ ಮೇಲೆ ಎರಡು ದೀಪಗಳು. ಒಂದು ಹೊತ್ತಿದರೆ ಕರೆಂಟು ಬಂದಿದೆ ಎಂದು ಅರ್ಥ. ಎರಡನೆಯದು ಹೊತ್ತಿದರೆ ಲೈನ್ ಸಿಕ್ಕಿದೆ ಎಂದು ಅರ್ಥ. ಆ ಭಾನುವಾರ ಬೆಳಿಗ್ಗೆ ಎರಡನೆಯ ದೀಪ ಹೊತ್ತಿರಲಿಲ್ಲ.

ಅಜ್ಜನ ಕಂಪ್ಯೂಟರು ಬುಗುರಿಯ ಗೆಳತಿಯರ ಮನೆಯ ಕಂಪ್ಯೂಟರುಗಳಂತಿರಲಿಲ್ಲ. ಅದನ್ನು ನಡೆಸುತ್ತಿದ್ದದ್ದು ಲಿನಕ್ಸ್ ಎಂಬ ಬೇರೆಯೇ ವ್ಯವಸ್ಥೆ. ಚಿತ್ರ ಒತ್ತಿಯೂ ಕೆಲಸ ಮಾಡಿಸಬಹುದಿತ್ತು. ಆದರೆ ಕಪ್ಪು ಕಿಟಕಿಯೊಂದನ್ನು ತೆರೆದು, ಅಕ್ಷರಗಳಲ್ಲಿ ಅಪ್ಪಣೆ ಕೊಟ್ಟು, ಅಕ್ಷರಗಳಲ್ಲೇ ಉತ್ತರ ಪಡೆದರೆ ಮಾತ್ರ ಅಜ್ಜನಿಗೆ ಸಮಾಧಾನ. "ನಲವತ್ತೊಂದರ ಜೊತೆ ಮಾತಾಡಿದ ಹಾಗೇ ಇದೆ," ಎನ್ನುತ್ತಿದ್ದರು.

ನಲವತ್ತೊಂದು ಎಂದರೆ ಅಜ್ಜನ ಸ್ನೇಹಿತರು.

ಅಜ್ಜ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಲೈನ್ ಪರೀಕ್ಷಿಸುವ ಕೆಲಸದಲ್ಲಿದ್ದವರು. ಅವರ ಮೇಜಿನ ನಂಬರು ಹನ್ನೆರಡು. ದೂರದ ಇನ್ನೊಂದು ಊರಿನ ಎಕ್ಸ್‌ಚೇಂಜಿನಲ್ಲಿ ಇದೇ ಕೆಲಸ ಮಾಡುತ್ತಿದ್ದವರ ಮೇಜಿನ ನಂಬರು ನಲವತ್ತೊಂದು. ಊರಿಂದೂರಿಗೆ ಹೋಗುವ ಲೈನುಗಳು ಚೆನ್ನಾಗಿವೆಯೇ ಎಂದು ನೋಡಲು ಇಪ್ಪತ್ತಾರು ವರ್ಷ ದಿನವೂ ಬೆಳಿಗ್ಗೆ ಆರು ಗಂಟೆಗೆ ಇಬ್ಬರೂ ಮಾತನಾಡಿದ್ದರು. "ಹನ್ನೆರಡು. ಕೇಳಿಸ್ತಿದೆಯಾ?" "ನಲವತ್ತೊಂದು. ಕೇಳಿಸ್ತಿದೆ." ಲೈನ್ ಚೆನ್ನಾಗಿದ್ದರೆ ಎರಡು ನಿಮಿಷ ಮನೆಯ ಸುದ್ದಿ. ಬುಗುರಿಯ ಅಮ್ಮ ಹುಟ್ಟಿದ ಸುದ್ದಿ ನೆಂಟರಿಗಿಂತ ಮೊದಲು ತಲುಪಿದ್ದು ನಲವತ್ತೊಂದಕ್ಕೆ. ಇಬ್ಬರೂ ಒಬ್ಬರ ಮುಖವನ್ನು ಒಬ್ಬರು ನೋಡಿದವರಲ್ಲ. ಒಂದು ಕಾಗದ ಬರೆದವರೂ ಅಲ್ಲ. ಲೈನ್ ಇರುವಾಗ ಕಾಗದ ಏಕೆ?

"ನನ್ನ ಜೊತೆ ಆಡಿದ್ದಕ್ಕಿಂತ ಆ ನಲವತ್ತೊಂದರ ಜೊತೆ ಆಡಿದ ಮಾತೇ ಜಾಸ್ತಿ," ಎಂದು ಅಜ್ಜಿ ಆಗಾಗ ಚುಚ್ಚುತ್ತಿದ್ದರು.

"ನಿನ್ನ ಲೈನ್ ಯಾವಾಗಲೂ ಎಂಗೇಜ್ ಇರ್ತಿತ್ತಲ್ಲ," ಎಂದು ಅಜ್ಜ ಉತ್ತರ ಕೊಡುತ್ತಿದ್ದರು.

ಇಬ್ಬರಿಗೂ ನಿವೃತ್ತಿಯಾಯಿತು. ಜೀವನವಿಡೀ ಕಿವಿಗೆ ಹೆಡ್‌ಫೋನ್ ಹಾಕಿಕೊಂಡಿದ್ದ ನಲವತ್ತೊಂದಕ್ಕೆ ಈಗ ಕಿವಿಯೇ ಕೇಳಿಸುತ್ತಿರಲಿಲ್ಲ. ಹಾಗಾಗಿ ಫೋನು ಬಿಟ್ಟು ಕಂಪ್ಯೂಟರು ಹಿಡಿದರು. ಪ್ರತಿ ಭಾನುವಾರ ಹತ್ತು ಗಂಟೆಗೆ ಇಬ್ಬರೂ ಟೈಪ್ ಮಾಡಿ ಮಾತನಾಡುತ್ತಿದ್ದರು.

ಹೋದ ಭಾನುವಾರ ನಲವತ್ತೊಂದು ಬರೆದಿದ್ದರು: "ಮಗಳ ಮನೆಗೆ ಹೋಗುತ್ತಿದ್ದೇನೆ. ಅಲ್ಲಿ ಕಂಪ್ಯೂಟರು ಇಲ್ಲ. ಮುಂದಿನ ಭಾನುವಾರ ಹನ್ನೊಂದಕ್ಕೆ ಲಾರಿ ಬರುತ್ತದೆ, ಇದನ್ನು ಬಿಚ್ಚಿ ಕೊಟ್ಟುಬಿಡುತ್ತೇನೆ. ಹತ್ತು ಗಂಟೆಗೆ ಬಾ. ಹೊಸ ವಿಳಾಸ ಕೊಡುತ್ತೇನೆ. ಇನ್ನು ಮೇಲೆ ಕಾಗದ ಬರೆಯೋಣ."

ಆ ಮುಂದಿನ ಭಾನುವಾರವೇ ಇಂದು.

ನಿನ್ನೆ ಸಂಜೆ ನಡೆದದ್ದು ಬುಗುರಿಗೆ ಮಾತ್ರ ಗೊತ್ತು.

ನಿನ್ನೆ ಅವಳು ಹಿಮದ ಮೇಲೆ ಜಾರುವ ಆಟ ಆಡುತ್ತಿದ್ದಾಗ ನಡುವೆ ಒಂದು ಚೌಕ ಮೂಡಿ, ಹೊಸದೇನೋ ಬಂದಿದೆ, ಹಾಕಲೇ ಎಂದು ಕೇಳಿತ್ತು. ಚೌಕ ಆಟವನ್ನೇ ಮುಚ್ಚಿತ್ತು. ಅವಳು ಹೂಂ ಒತ್ತಿದಳು. ಅದು ಪಾಸ್‌ವರ್ಡ್ ಕೇಳಿತು. ಕಂಪ್ಯೂಟರಿನ ಯಜಮಾನನ ಪಾಸ್‌ವರ್ಡ್ ಅದು. ಅಜ್ಜ ಆಪರೇಷನ್‌ಗೆ ಹೋಗುವ ಹಿಂದಿನ ದಿನ ಅವಳ ಕಿವಿಯಲ್ಲಿ ಹೇಳಿದ್ದರು. "ಈ ಮನೆಯಲ್ಲಿ ಇದು ಇಬ್ಬರಿಗೇ ಗೊತ್ತು," ಎಂದಿದ್ದರು. ಅವಳು ಅದನ್ನೂ ಒತ್ತಿದಳು. ಸಾಲುಸಾಲು ಅಕ್ಷರಗಳು ಹರಿದವು. ಅದರಲ್ಲಿ 'ಕರ್ನಲ್' ಎಂಬ ಪದ ಓಡಿಹೋದದ್ದು ಅವಳಿಗೆ ನೆನಪಿತ್ತು.

"ಸರಿ. ಎಕ್ಸ್‌ಚೇಂಜಿನ ಕಡೆಯಿಂದ ಬರೋಣ," ಎಂದರು ಅಜ್ಜ. "ದೂರದ ತುದಿ ಮೊದಲು. ಫೋನ್ ಎತ್ತಿ ಕೇಳು."

ಬುಗುರಿ ಫೋನು ಎತ್ತಿದಳು. "ಗುಂಯ್ ಅಂತಿದೆ."

"ಲೈನಿಗೆ ಜೀವ ಇದೆ. ಮೇಜಿನ ಕೆಳಗೆ ಹೋಗು. ತಂತಿಯ ಕೊಂಡಿ ಕಟಕ್ ಅನ್ನೋವರೆಗೂ ಒತ್ತು."

ಅವಳು ಮೇಜಿನ ಕೆಳಗೆ ತೂರಿದಳು. ಅಲ್ಲಿ ಧೂಳಿನ ಉಂಡೆಗಳಿದ್ದವು, ಕಳೆದುಹೋಗಿದ್ದ ಒಂದು ಬಣ್ಣದ ಪೆನ್ಸಿಲ್ ಇತ್ತು. ಕಟಕ್ ಎನ್ನಿಸಿ ಹೊರಬಂದಳು. "ಕಟಕ್ ಅಂತು."

"ದೀಪ?"

"ಒಂದೇ."

"ಈಗ ಮೋಡೆಮ್ ಅಲ್ಲಿದೆ ಅಂತ ಯಂತ್ರಕ್ಕೆ ಗೊತ್ತಾ ಕೇಳೋಣ. ಟೈಪ್ ಮಾಡು."

ಅಜ್ಜ ಒಂದೊಂದೇ ಅಕ್ಷರ ಹೇಳಿದರು, ಅವಳು ಒಂದೊಂದೇ ಒತ್ತಿದಳು. ಕಂಪ್ಯೂಟರಿಗೆ ಸಿಕ್ಕಿಸಿದ್ದೆಲ್ಲದರ ಪಟ್ಟಿ ಬಂತು. ಅದರಲ್ಲಿ ಮೋಡೆಮ್‌ನ ಹೆಸರೂ ಇತ್ತು.

"ಕಾಣಿಸ್ತಿದೆ, ಆದರೆ ಮಾತಾಡ್ತಿಲ್ಲ," ಎಂದರು ಅಜ್ಜ. ಗಲ್ಲ ತುರಿಸಿಕೊಂಡರು. "ಹಾಗಿದ್ರೆ ಮಾಡ್ಯೂಲ್ ನೋಡಬೇಕು."

"ಮಾಡ್ಯೂಲ್ ಅಂದ್ರೆ?"

"ಎಕ್ಸ್‌ಚೇಂಜಿನಲ್ಲಿ ಗೋಡೆಯಷ್ಟು ದೊಡ್ಡ ಬೋರ್ಡ್ ಇರ್ತಿತ್ತು. ಎಲ್ಲಾ ತಂತಿಯೂ ಅಲ್ಲಿಗೇ ಬರಬೇಕು. ಬೆಳಿಗ್ಗೆ ಊರು ಎದ್ದು ಫೋನ್ ಮಾಡೋಕೆ ಶುರು ಮಾಡಿದ್ರೆ, ಟಕಟಕ ಟಕಟಕ ಅಂತ, ನೂರು ಜನ ಒಟ್ಟಿಗೆ ಹೊಲಿಗೆ ಯಂತ್ರ ತುಳಿದ ಹಾಗೆ. ಈ ಕಂಪ್ಯೂಟರಿನ ಬೋರ್ಡೇ ಕರ್ನಲ್. ಮಾಡ್ಯೂಲ್ ಅಂದ್ರೆ ಬೋರ್ಡಿಗೆ ಸಿಕ್ಕಿಸೋ ಚಿಕ್ಕ ಕಾರ್ಡು. ನಮ್ಮ ಮೋಡೆಮ್‌ನ ಭಾಷೆ ಗೊತ್ತಿರೋದು ಆ ಕಾರ್ಡಿಗೆ ಮಾತ್ರ. ಅದನ್ನ ನಾನೇ ಕೂತು ಕಟ್ಟಿದ್ದು. ನಲವತ್ತೊಂದು ಹೇಳಿಕೊಟ್ಟ, ಮೂರು ಭಾನುವಾರ ಹಿಡೀತು."

ಟಕಟಕ ಶಬ್ದ ಮಾಡುವಾಗ ಅಜ್ಜನ ಬೆರಳುಗಳು ಕುರ್ಚಿಯ ಕೈ ಮೇಲೆ ಕುಣಿದವು. ಅವು ನಿಂತಾಗ ಗಡಿಯಾರದ ಸದ್ದು ಕೇಳಿಸಿತು. ಒಂಬತ್ತು ಐವತ್ತು.

"ಮಾಡ್‌ಪ್ರೋಬ್ ಅಂತ ಟೈಪ್ ಮಾಡು, ಕಾರ್ಡು ಸಿಕ್ಕಿಸು ಅನ್ನೋ ಅಪ್ಪಣೆ ಅದು. ಆಮೇಲೆ ಮಾಡ್ಯೂಲ್ ಹೆಸರು."

ಒಂದು ಉದ್ದನೆಯ ಸಾಲು ಬಂತು. ಬುಗುರಿ ಅದನ್ನು ಮನಸ್ಸಿನಲ್ಲೇ ಓದಿಕೊಂಡಳು. ಮಾಡ್ಯೂಲ್ ಸಿಗಲಿಲ್ಲ ಎಂದು ಮೊದಲರ್ಧ; ಯಾವ ಕರ್ನಲ್‌ನ ಗೂಡಿನಲ್ಲಿ ಹುಡುಕಿದೆ ಎಂದು ಉಳಿದರ್ಧ. ಅಲ್ಲಿ ಆ ಕರ್ನಲ್‌ನ ನಂಬರು ಇತ್ತು. ಕೊನೆಯಲ್ಲಿ ಇಪ್ಪತ್ತೆರಡು. ಅಜ್ಜ ಕಂಪ್ಯೂಟರಿನ ವಿವರ ಬರೆದಿಟ್ಟಿದ್ದ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಇದ್ದದ್ದು ಇಪ್ಪತ್ತು. ಅದನ್ನು ಅವಳು ಈ ವಾರ ಹತ್ತು ಸಲವಾದರೂ ನೋಡಿದ್ದಳು.

ಓದಿದರೆ ಅಜ್ಜ ಕೇಳುತ್ತಾರೆ. ಕೇಳಿದರೆ ಪಾಸ್‌ವರ್ಡಿನ ಮಾತು ಬರುತ್ತದೆ.

"ಮಾಡ್ಯೂಲ್ ಸಿಗಲಿಲ್ಲ ಅಂತ," ಎಂದಳು.

"ಇಷ್ಟೇನಾ?"

"ಇಷ್ಟೇ."

"ಫೈಲ್ ಹಾಳಾಗಿರಬೇಕು," ಎಂದರು ಅಜ್ಜ. " ಮತ್ತೆ ಕಟ್ಟೋಣ. ಬೇಗ ಬೇಗ ಮಾಡಿದ್ರೆ ಹತ್ತೂವರೆಗೆ ಆಗುತ್ತೆ."

ಅಜ್ಜಿ ಎರಡು ಲೋಟ ಕಾಫಿ ತಂದಿಟ್ಟರು. ಒಂದರಲ್ಲಿ ಹಾಲೇ ಹೆಚ್ಚು, ಅದು ಬುಗುರಿಯದು. "ಆ ಡಬ್ಬಿಗೂ ಒಂದು ಲೋಟ ಬೇಕಾ?"

"ಅದಕ್ಕೆ ಕುಡಿಸೋಕೆ ಬಾಯಿ ಎಲ್ಲಿದೆ ಅಂತಾನೇ ಹುಡುಕ್ತಾ ಇದ್ದೀವಿ," ಎಂದರು ಅಜ್ಜ. ಆದರೆ ಅವರ ಕಾಫಿ ತಣ್ಣಗಾಗುವವರೆಗೂ ಹಾಗೇ ಉಳಿಯಿತು.

ಹತ್ತು ಗಂಟೆ ಹೊಡೆಯಿತು. ಅಜ್ಜ ಗಡಿಯಾರದತ್ತ ಮುಖ ತಿರುಗಿಸಿದರು. ಕಣ್ಣಿಗೆ ಕಾಣುವುದಿಲ್ಲವಾದರೂ ತಿರುಗಿಸಿದರು. ಆಮೇಲೆ ಮೆಲ್ಲಗೆ, "ಈಗ ಅವನು ಬಂದು ಕೂತಿರ್ತಾನೆ," ಎಂದರು.

ಅಜ್ಜ ಹೇಳಿದಂತೆ ಬುಗುರಿ ಮಾಡ್ಯೂಲ್ ಕಟ್ಟಿದ್ದ ಹಳೆಯ ಫೋಲ್ಡರಿಗೆ ಹೋದಳು. 'ಮೇಕ್', ಅಂದರೆ ಕಟ್ಟು, ಎಂದು ಒತ್ತಿದಳು. ಕಂಪ್ಯೂಟರು ಗೊರಗೊರ ಎಂದಿತು. ನಾಲ್ಕು ಸಾಲು ಬಂದು ನಿಂತುಬಿಟ್ಟಿತು.

"ಹೆಡರ್ ಫೈಲ್‌ಗಳು ಇಲ್ಲ ಅಂತಿದೆ."

"ಇಲ್ಲವಾ?" ಅಜ್ಜ ನೆಟ್ಟಗೆ ಕುಳಿತರು. "ಅವನ್ನ ನಾನೇ ಹಾಕಿದ್ದೆನಲ್ಲ. ಬೋರ್ಡಿನ ನಕ್ಷೆ ಇರೋದೇ ಅವುಗಳಲ್ಲಿ, ಅವಿಲ್ಲದೆ ಆವತ್ತು ಕಟ್ಟೋಕೇ ಆಗ್ತಿರಲಿಲ್ಲ. ಇನ್ನೊಂದು ಸಲ ಮಾಡು."

ಇನ್ನೊಂದು ಸಲ ಮಾಡಿದಳು. ಅದೇ ಉತ್ತರ.

"ಅವನ್ನ ಈಗ ತರಿಸಬೇಕು ಅಂದ್ರೆ ನೆಟ್ ಬೇಕು. ನೆಟ್ ಬೇಕು ಅಂದ್ರೆ ಅವು ಬೇಕು." ಅಜ್ಜನ ಬೆರಳುಗಳು ಮತ್ತೆ ಕುರ್ಚಿಯ ಕೈ ಮೇಲೆ ಆಡಿದವು, ಈ ಸಲ ತಾಳವಿಲ್ಲದೆ. "ಹಾಕಿದ್ದೆನಾ? ಹಾಕಿದ್ದೆ ಅಂತಾನೇ ನೆನಪು. ಇಲ್ಲ, ಯಾವಾಗಲೋ ಜಾಗ ಸಾಲದೆ ನಾನೇ ಅಳಿಸಿಬಿಟ್ಟೆನೋ ಏನೋ."

ಅವರು ಬಲಗೈಯನ್ನು ಹಣೆಗೆ ಒಯ್ದು, ಪಟ್ಟಿ ತಾಕಿದಂತಾಗಿ ಕೆಳಗಿಳಿಸಿದರು.

"ಕಣ್ಣಿನ ಜೊತೆ ತಲೆಯೂ ಹೋಯ್ತು ಅಂತ ಕಾಣುತ್ತೆ, ಬುಗುರಿ. ಇಪ್ಪತ್ತಾರು ವರ್ಷ ಒಂದು ದಿನ ತಪ್ಪಿಸಿದೋನಲ್ಲ. ಇವತ್ತು ನನ್ನ ಕಡೆಯೇ ಕಟ್ ಆಯ್ತು."

ಅದನ್ನು ಅವರು ಅಳುವ ದನಿಯಲ್ಲಿ ಹೇಳಲಿಲ್ಲ. ಅಂಗಡಿಯ ಬಾಗಿಲು ಹಾಕುವವರು ದೀಪ ಆರಿಸುವಂತೆ, ಸುಮ್ಮನೆ ಹೇಳಿದರು. ಬುಗುರಿಗೆ ತಡೆಯಲಾಗಲಿಲ್ಲ.

"ತಲೆ ಹೋಗಿಲ್ಲ ಅಜ್ಜ," ಎಂದಳು. "ಆ ಸಾಲು ನಾನು ಪೂರ್ತಿ ಓದಲಿಲ್ಲ."

"ಯಾವ ಸಾಲು?"

"ಮಾಡ್ಯೂಲ್ ಸಿಗಲಿಲ್ಲ ಅಂತ ಬಂತಲ್ಲ, ಅದು. ಅದರಲ್ಲಿ ನಂಬರ್ ಇದೆ. ಕೊನೆಗೆ ಇಪ್ಪತ್ತೆರಡು ಅಂತಿದೆ. ನಿನ್ನ ಪುಸ್ತಕದಲ್ಲಿ ಇಪ್ಪತ್ತಿದೆ." ಉಸಿರು ತೆಗೆದುಕೊಳ್ಳದೆ ಉಳಿದದ್ದನ್ನೂ ಹೇಳಿದಳು. ಚೌಕ ಮೂಡಿದ್ದು, ಆಟ ಮುಚ್ಚಿಹೋದದ್ದು, ಹೂಂ ಒತ್ತಿದ್ದು. ಪಾಸ್‌ವರ್ಡ್ ಹಾಕಿದ್ದನ್ನು ಹೇಳುವಾಗ ದನಿ ಕೀಬೋರ್ಡಿನೊಳಗೆ ಇಳಿದುಹೋಯಿತು.

ಅಜ್ಜ ಬೈಯುತ್ತಾರೆ ಎಂದು ಅವಳು ಕಾದಳು.

"ಎಷ್ಟು ಗಂಟೆಗೆ ಒತ್ತಿದೆ?" ಎಂದು ಕೇಳಿದರು ಅಜ್ಜ.

"ಐದೂವರೆ ಇರಬೇಕು."

"ಆಮೇಲೆ ಯಂತ್ರ ಆಫ್ ಮಾಡಿದ್ಯಾ?"

"ಮಾಡಿದೆ."

"ಇವತ್ತು ಬೆಳಿಗ್ಗೆ ಆನ್ ಮಾಡಿದ್ದು ಎಷ್ಟಕ್ಕೆ?"

"ಒಂಬತ್ತಕ್ಕೆ."

"ಹಾಂ." ಅಜ್ಜನ ಬೆನ್ನು ನೆಟ್ಟಗಾಯಿತು. ಮುಖದಲ್ಲಿ ಒಂದು ಬಗೆಯ ಸಂತೋಷವೇ ಕಾಣಿಸಿತು. "ಬೋರ್ಡ್ ಬದಲಾಗಿದೆ. ಹಳೇ ಬೋರ್ಡಿಗೆ ಕಟ್ಟಿದ ಕಾರ್ಡು ಹೊಸ ಬೋರ್ಡಿನ ಗೂಡಲ್ಲಿ ಎಲ್ಲಿಂದ ಸಿಗಬೇಕು? ಹೆಡರ್ ಫೈಲ್‌ಗಳೂ ಅಷ್ಟೇ, ನಾನು ಹಾಕಿದ್ದು ಹಳೇದಕ್ಕೆ. ಗಂಟೆ ಎಷ್ಟು?"

"ಹತ್ತೂ ಹದಿನೆಂಟು."

"ಯಂತ್ರ ಹಳೇ ಬೋರ್ಡನ್ನ ಎಸೆದಿರಲ್ಲ. ಪಕ್ಕದಲ್ಲೇ ಇಟ್ಟಿರುತ್ತೆ. ರೀಸ್ಟಾರ್ಟ್ ಮಾಡು. ಪರದೆ ಕಪ್ಪಾದ ಕೂಡಲೇ ಎಸ್ಕೇಪ್ ಒತ್ತು. ತಡ ಮಾಡಿದ್ರೆ ಮತ್ತೆ ಹೊಸದಕ್ಕೇ ಹೋಗುತ್ತೆ."

ಬುಗುರಿ ಬೆರಳನ್ನು ಕೀಲಿಯ ಮೇಲೆ ಇಟ್ಟುಕೊಂಡು ಕಾದಳು. ಪರದೆ ಕಪ್ಪಾಯಿತು. ಒತ್ತಿದಳು. ಬೂದುಬಣ್ಣದ ಪಟ್ಟಿಯೊಂದು ಮೂಡಿತು. ಈ ಸಲ ಅಜ್ಜ ಕೇಳುವ ಮೊದಲೇ ಅವಳು ಓದಲು ತೊಡಗಿದಳು. ಮೊದಲ ಸಾಲು, ಎರಡನೆಯ ಸಾಲು, ಚುಕ್ಕಿ, ಅಡ್ಡಗೆರೆ, ನಂಬರು, ಎಲ್ಲ.

"ಸಾಕು ಸಾಕು, ಚುಕ್ಕಿಗೆಲ್ಲ ಉಸಿರು ಖರ್ಚು ಮಾಡಬೇಡ. ಇಪ್ಪತ್ತು ಅಂತ ಇರೋ ಸಾಲಿಗೆ ಇಳಿ. ಎಂಟರ್."

ಹಳೆಯ ಕಂಪ್ಯೂಟರು ಏಳಲು ಆರು ನಿಮಿಷ ತೆಗೆದುಕೊಳ್ಳುತ್ತಿತ್ತು. ಆ ಆರು ನಿಮಿಷ ಬುಗುರಿ ಕುರ್ಚಿಯಲ್ಲಿ ಅಲುಗಾಡಲಿಲ್ಲ. ಬಾಗಿಲಲ್ಲಿ ನಿಂತು ನೋಡಿದ ಅಜ್ಜಿ, "ಇವಳಿಗೂ ಆಪರೇಷನ್ ಆಗಿದೆಯಾ?" ಎಂದು ಕೇಳಿ ಒಳಗೆ ಹೋದರು.

ಮತ್ತೆ ಕಪ್ಪು ಕಿಟಕಿ. ಮತ್ತೆ ಪಾಸ್‌ವರ್ಡ್. ಮತ್ತೆ ಮಾಡ್‌ಪ್ರೋಬ್.

"ಏನೂ ಬರಲಿಲ್ಲ ಅಜ್ಜ."

"ಏನೂ ಅಂದ್ರೆ?"

"ಒಂದು ಅಕ್ಷರವೂ ಬರಲಿಲ್ಲ. ಸುಮ್ಮನಿದೆ."

ಅಜ್ಜ ನಕ್ಕರು. "ಸುಮ್ಮನಿದ್ರೆ ಕೆಲಸ ಆಯ್ತು ಅಂತ. ಇದು ಆದ ಕೆಲಸ ಹೇಳಿಕೊಂಡು ತಿರುಗೋದಿಲ್ಲ. ದೀಪ ನೋಡು."

ಆಮೆಯ ಬೆನ್ನ ಮೇಲಿನ ಎರಡನೆಯ ದೀಪ ಒಮ್ಮೆ ಮಿಟುಕಿತು. ನಿಂತಿತು. ಬೇಗ ಬೇಗ ಮಿಟುಕಿತು. ಕೊನೆಗೆ ಹಸಿರಾಗಿ ನಿಂತುಕೊಂಡಿತು. ಬುಗುರಿ ಅಜ್ಜನ ಮಂಡಿ ಹಿಡಿದು ಅಲ್ಲಾಡಿಸಿದಳು. ಹೇಳಬೇಕಾದ ಅಗತ್ಯ ಬರಲಿಲ್ಲ.

ಹತ್ತೂ ಮೂವತ್ತೊಂದಕ್ಕೆ ಚಾಟ್ ಕಿಟಕಿ ತೆರೆದುಕೊಂಡಿತು. ಪಟ್ಟಿಯಲ್ಲಿ ಒಂದೇ ಒಂದು ಹೆಸರು ಹಸಿರಾಗಿತ್ತು. ಅವಳು ಒಂದಕ್ಷರ ಒತ್ತುವ ಮೊದಲೇ ಆ ಕಡೆಯಿಂದ ಸಾಲು ಬಂತು.

"ಹನ್ನೆರಡು, ಮೂವತ್ತೊಂದು ನಿಮಿಷ ತಡ. ದೋಷ ಎಲ್ಲಿ?" ಬುಗುರಿ ಗಟ್ಟಿಯಾಗಿ ಓದಿದಳು.

ಅಜ್ಜನ ಇಡೀ ಮೈ ಕುರ್ಚಿಯೊಳಗೆ ಸಡಿಲವಾಯಿತು. ಆಮೇಲೆ ಹೇಳಿಬರೆಸತೊಡಗಿದರು: "ನಮ್ಮ ಕಡೆ. ನಿನ್ನೆ ಸಂಜೆ ಐದೂವರೆಗೆ ಕರ್ನಲ್ ಬದಲಾಗಿತ್ತು. ಹಳೆಯದಕ್ಕೆ ಹೋದೆವು. ಈಗ ಸರಿ ಇದೆ."

ಅವಳು ಟೈಪ್ ಮಾಡಿ, ಬೆರಳು ಎತ್ತಿ ಕಾದಳು. "ಆಮೇಲೆ?"

"ಆಮೇಲೆ ಏನು? ಕಳಿಸು."

"ಅಷ್ಟೇನಾ? ಯಾರು ಬದಲಾಯಿಸಿದ್ದು ಅಂತ?"

"ಅವನು ಕೇಳಿದ್ದು ಎಲ್ಲಿ ಅಂತ. ನೋಡು ಬೇಕಾದ್ರೆ."

ಬುಗುರಿ ಮತ್ತೆ ಓದಿಕೊಂಡಳು. ಹೌದು, ಹಾಗೇ ಇತ್ತು. ಅವಳು ಕಳಿಸಿದಳು. ಆ ಕಡೆಯಿಂದ ಬಂದದ್ದು ಒಂದೇ ಪದ: "ಬರೆದುಕೊಂಡೆ."

ಆಮೇಲೆ ವಿಳಾಸ ಬಂತು. ಮನೆಯ ನಂಬರು, ಬೀದಿ, ನೀರಿನ ಟ್ಯಾಂಕಿನ ಎದುರು, ಊರು, ಅಂಚೆಯ ನಂಬರು. ಬುಗುರಿ ಓದಿದಳು, ಅಜ್ಜ ಅದನ್ನೇ ಮರಳಿ ಹೇಳಿದರು, ಬುಗುರಿ ಅದನ್ನು ಆ ಕಡೆಗೆ ಮತ್ತೆ ಟೈಪ್ ಮಾಡಿ ಕಳಿಸಿದಳು. "ಸರಿ ಇದೆ," ಎಂದು ಬಂತು. ಆಗ ಅವಳು ನೋಟ್‌ಬುಕ್ಕಿನ ಒಂದು ಪೂರ್ತಿ ಪುಟದಲ್ಲಿ, ಹೊಸ ಕಣ್ಣಿಗೆ ಕಷ್ಟವಾಗದ ಹಾಗೆ, ಅದನ್ನು ಬೆರಳುದ್ದದ ಅಕ್ಷರಗಳಲ್ಲಿ ಬರೆದಳು.

ಉಳಿದ ಇಪ್ಪತ್ತು ನಿಮಿಷ ಇಬ್ಬರೂ ಏನೇನೋ ಮಾತನಾಡಿದರು. ಹಳೆಯ ಎಕ್ಸ್‌ಚೇಂಜಿನ ಮೇಲ್ವಿಚಾರಕರ ಕೆಮ್ಮು ಮೂರನೆಯ ಮಹಡಿಯವರೆಗೂ ಕೇಳಿಸುತ್ತಿದ್ದದ್ದು. ಇಲಿಯೊಂದು ತಂತಿ ಕಡಿದು ಅರ್ಧ ಊರನ್ನು ಮೂಕ ಮಾಡಿದ್ದು. ಓದುವಾಗ ಬುಗುರಿಗೆ ನಗು ಬಂದು ಸಾಲು ತಪ್ಪುತ್ತಿತ್ತು.

ಹನ್ನೊಂದಕ್ಕೆ ಎರಡು ನಿಮಿಷ ಇರುವಾಗ, "ಲಾರಿ ಬಂತು," ಎಂದು ಬಂತು. ಆಮೇಲೆ, "ಮೊದಲ ಕಾಗದ ನಿನ್ನದು." ಆಮೇಲೆ ಆ ಹೆಸರಿನ ಪಕ್ಕದ ಹಸಿರು ಬೂದಾಯಿತು.

"ಬೂದಾಯ್ತು ಅಜ್ಜ."

"ಹೂಂ," ಎಂದರು ಅಜ್ಜ. ಕಿಟಕಿಯ ಕಡೆ ಮುಖ ಮಾಡಿಯೇ ಇದ್ದರು.

ಬುಗುರಿ ಕೀಬೋರ್ಡಿನ ಅಂಚಿನ ಧೂಳನ್ನು ಉಗುರಿನಿಂದ ತೆಗೆಯುತ್ತ ಕುಳಿತಳು. ಕೇಳಬೇಕೋ ಬೇಡವೋ ಎಂದು ಯೋಚಿಸಿದಳು. ಕೇಳಿಯೇಬಿಟ್ಟಳು.

"ಅಜ್ಜ, ಪಾಸ್‌ವರ್ಡ್ ಬದಲಾಯಿಸ್ತೀಯಾ?"

"ಯಾಕೆ? ಮರೆತುಹೋಯ್ತಾ?"

"ಇಲ್ಲ."

"ಮತ್ತೆ?"

ಅಜ್ಜ ಉತ್ತರಕ್ಕೆ ಕಾಯಲಿಲ್ಲ. ತಣ್ಣಗಾಗಿದ್ದ ಕಾಫಿಯನ್ನು ತಡವಿ ಎತ್ತಿಕೊಂಡು, ಒಂದು ಗುಟುಕು ಕುಡಿದು, ಮುಖ ಕಿವುಚಿದರು.

"ಆ ವಿಳಾಸ ಇನ್ನೊಂದು ಸಲ ಓದು," ಎಂದರು.

ಬುಗುರಿ ನೋಟ್‌ಬುಕ್ಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಮನೆಯ ನಂಬರಿನಿಂದ ಶುರುಮಾಡಿ, ಅಲ್ಪವಿರಾಮಕ್ಕೂ ನಿಂತು, ನಿಧಾನವಾಗಿ ಓದಿದಳು. ಅವಳ ಹಿಂದೆಯೇ ಅಜ್ಜನ ತುಟಿಗಳೂ ಆಡುತ್ತಿದ್ದವು.